ಮೊದಲ ಮ್ಯಾಚ್ 1–3ರಿಂದ ಸೋತೆವು. ಎಲ್ಲರೂ ಗೋಲಿಯನ್ನು (ಗೋಲ್‌ಕೀಪರ್‌ನನ್ನು) ಬೈಯುತ್ತಿದ್ದಾರೆ, ನನ್ನ ನೋಟ್‌ಬುಕ್ ಬೇರೆ ಹೇಳುತ್ತಿದೆ

ಬೆಂಚಿನ ಎಂಟನೇ ನಂಬರ್, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಕಾಲೇಜು ಫುಟ್‌ಬಾಲ್ ತಂಡದಲ್ಲಿ ಸೆಂಟರ್ ಹಾಫ್, ಅಂದರೆ ಮೈದಾನದ ಮಧ್ಯದಲ್ಲಿ ಆಡುತ್ತೇನೆ. ಆಗಸ್ಟ್‌ನಲ್ಲಿ ಬಲಗಾಲು ಉಳುಕಿತು, ಇನ್ನೂ ನೆಟ್ಟಗೆ ಓಡಲು ಬರುತ್ತಿಲ್ಲ. ಹಾಗಾಗಿ ಈ ವರ್ಷದ ಮೊದಲ ಅಂತರಕಾಲೇಜು ಮ್ಯಾಚಿನಲ್ಲಿ ನಾನು ಬೆಂಚಿನ ಮೇಲಿದ್ದೆ. ಪಿಡಿ ಸರ್ (ದೈಹಿಕ ಶಿಕ್ಷಣ ನಿರ್ದೇಶಕರು) ಒಂದು 200 ಪುಟದ ನೋಟ್‌ಬುಕ್ ಕೈಗೆ ಕೊಟ್ಟು, "ಸುಮ್ನೆ ಕೂರಬೇಡ. ಬಾಲು ಎಲ್ಲೆಲ್ಲಿ ಹೋಯಿತು ಅಂತ ಬರೆದುಕೋ" ಅಂದರು.

ನಾನು ಒಂದು ಪುಟದಲ್ಲಿ ಮೈದಾನದ ಚಿತ್ರ ಬರೆದು ಆರು ಚೌಕ ಮಾಡಿದೆ. ನಮ್ಮವರು ಬಾಲು ಕಳೆದುಕೊಂಡ ಜಾಗದಲ್ಲೆಲ್ಲ ಒಂದು ಚುಕ್ಕಿ, ಪಕ್ಕದಲ್ಲಿ ನಿಮಿಷ. ಗೋಲಿ ಒದ್ದ ಪ್ರತಿ ಬಾಲು ಯಾರಿಗೆ ಸಿಕ್ಕಿತು ಅನ್ನುವುದಕ್ಕೆ ಬೇರೆ ಪುಟ. ಮ್ಯಾಚ್ ಶುರುವಾಗಿದ್ದು ಮೂರೂವರೆಗೆ. ಅವಧಿಗೆ 35 ನಿಮಿಷದಂತೆ ಎರಡು ಅವಧಿ. ನೆಲ ಕೆಂಪಗೆ, ಗಟ್ಟಿ. ಹುಲ್ಲು ಕಾರ್ನರ್ ಬಾವುಟದ ಹತ್ತಿರ ಮಾತ್ರ ಇತ್ತು. ಒಂದು ಗೋಲಿನ ಹಿಂದೆ ದೂರದಲ್ಲಿ ಕೋಟೆ ಗುಡ್ಡ ಕಾಣುತ್ತಿತ್ತು. ಸೆಪ್ಟೆಂಬರ್ ಆದರೂ ಬಿಸಿಲು ಸ್ವಲ್ಪವೂ ಕಡಿಮೆ ಇರಲಿಲ್ಲ. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಅರ್ಧ ಎಷ್ಟು ಚೆನ್ನಾಗಿ ಆಡಿದರು ಅಂದರೆ ನನಗೆ ಕೂರಲು ಆಗಲಿಲ್ಲ. 12ನೇ ನಿಮಿಷಕ್ಕೆ ಬಲಗಡೆಯ ವಿಂಗ್‌ನಿಂದ ನೆಲ ಸವರಿಕೊಂಡು ಬಾಲು ಬಂತು. ನಮ್ಮ ಸೆಂಟರ್ ಫಾರ್ವರ್ಡ್ ಆ ಗಟ್ಟಿ ನೆಲದ ಮೇಲೇ ಜಾರಿ ಒಳಗೆ ತಳ್ಳಿದ. ಅವನ ತೊಡೆ ತರಚಿ ರಕ್ತ ಬರುತ್ತಿತ್ತು, ಅದು ಅವನಿಗೆ ಗೊತ್ತೇ ಆಗಲಿಲ್ಲ. ಹಾಫ್ ಟೈಮಿಗೆ 1–0. ನನ್ನ ಪುಟದಲ್ಲಿ 19 ಚುಕ್ಕಿ ಇದ್ದವು, ಬಹುಪಾಲು ಅವರ ಗೋಲಿನ ಕಡೆ.

ಎರಡನೇ ಅರ್ಧದಲ್ಲಿ 34 ಚುಕ್ಕಿ. ಅದರಲ್ಲಿ 21 ನಮ್ಮದೇ ಅರ್ಧದಲ್ಲಿ. ಆ 21ರಲ್ಲಿ 13 ಒಂದೇ ಚೌಕದಲ್ಲಿ, ನಮ್ಮ ಸ್ಟಾಪರ್‌ಗಳ (ಹಿಂದೆ ಮಧ್ಯದಲ್ಲಿ ನಿಂತು ತಡೆಯುವವರ) ಮುಂದೆ, ಅಂದರೆ ನಾನು ಆಡುವ ಜಾಗದಲ್ಲಿ. ಪೆನ್ನಿನ ಚುಕ್ಕಿಗಳು ಒಂದರ ಮೇಲೊಂದು ಕೂತು ಅಲ್ಲಿ ಕಾಗದವೇ ತೂತಾಗಿದೆ.

ಗೋಲುಗಳು ಹೀಗೆ ಆದವು. 44ನೇ ನಿಮಿಷ, ನಮ್ಮ ಎಡಗಡೆಯಿಂದ ಅವರ ಥ್ರೋ. ಅವರ ಹುಡುಗ ನಮ್ಮ ಬ್ಯಾಕ್‌ಗಳ ಹಿಂದೆ ಒಬ್ಬನೇ ನಿಂತಿದ್ದ. ನಮ್ಮ ಲೆಫ್ಟ್ ಬ್ಯಾಕ್ ಕೈ ಎತ್ತಿ "ಆಫ್‌ಸೈಡ್" (ಬಾಲಿಗಿಂತ ಮುಂದೆ, ನಮ್ಮ ಬ್ಯಾಕ್‌ಗಳ ಹಿಂದೆ ನಿಂತವನಿಗೆ ಬಾಲು ಕೊಡುವ ತಪ್ಪು) ಅಂತ ಕೂಗಿ ನಿಂತುಬಿಟ್ಟ. ಅವನನ್ನು ನೋಡಿ ಸ್ಟಾಪರ್ ಕೂಡ ನಿಂತ. ಥ್ರೋನಿಂದ ನೇರವಾಗಿ ಬಂದ ಬಾಲಿಗೆ ಆಫ್‌ಸೈಡ್ ಇಲ್ಲವೇ ಇಲ್ಲ, ಅಲ್ವಾ? ನಮ್ಮ ಗೋಲಿ ಒಬ್ಬನೇ ಓಡಿ ಬಂದ, ಅವರ ಹುಡುಗ ಪಕ್ಕದಿಂದ ಒಳಗೆ ಹಾಕಿದ. 56ನೇ ನಿಮಿಷಕ್ಕೆ ಪೆನಾಲ್ಟಿ. ನಮ್ಮ ಸ್ಟಾಪರ್ ಕಾಲಿನಲ್ಲಿ ಶಕ್ತಿ ಇರಲಿಲ್ಲ, ತಡವಾಗಿ ಕಾಲು ಹಾಕಿದ. 63ನೇ ನಿಮಿಷ, ಸುಮಾರು 25 ಮೀಟರ್ ದೂರದಿಂದ ಒಂದು ಹೊಡೆತ. ಅದು ನಮ್ಮ ಗೋಲಿಯ ಎರಡು ಕೈಗಳ ನಡುವೆ ಹೋಯಿತು. ಈ ಮೂರನೆಯದನ್ನು ಅವನು ಹಿಡಿಯಬೇಕಾಗಿತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಮ್ಯಾಚ್ ಮುಗಿದ ಒಂದೇ ಗಂಟೆಯಲ್ಲಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ 60ಕ್ಕೂ ಜಾಸ್ತಿ ಮೆಸೇಜು. ಎಲ್ಲವೂ ಒಂದೇ ಮಾತು, ಗೋಲಿಯನ್ನು ಬದಲಿಸಿ. ಮ್ಯಾಚ್ ನೋಡಲು ಬರದವರೂ ಬರೆದರು. ಅವನು ಸಿರುಗುಪ್ಪ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗ. ಬೆಳಿಗ್ಗೆ ಪ್ರ್ಯಾಕ್ಟೀಸಿಗೆ ನಮಗಿಂತ ಮುಂಚೆ ಬಂದು ನೆಟ್ ಕಟ್ಟುವವನೂ ಅವನೇ. ಆ ರಾತ್ರಿ ಗ್ರೂಪಿನಿಂದ ಹೊರಗೆ ಹೋದ. ಮರುದಿನ ಕಾಲೇಜಿಗೂ ಬರಲಿಲ್ಲ.

ನನಗೆ ಇದು ತುಂಬ ಬೇಜಾರಾಗಿದೆ. ಮುಂದಿನ ಮ್ಯಾಚಿಗೆ ಒಂಬತ್ತು ದಿನ ಇದೆ. ಅನುಭವ ಇರುವವರು ಹೇಳಿ. ಒಂದು ಮ್ಯಾಚ್ ನೋಡಿ ತಂಡ ಹೇಗಿದೆ ಅಂತ ಎಷ್ಟರ ಮಟ್ಟಿಗೆ ಹೇಳಬಹುದು? ನನ್ನ ಚುಕ್ಕಿಗಳನ್ನು ನಾನು ಸರಿಯಾಗಿ ಓದುತ್ತಿದ್ದೇನಾ? ಗೆಳೆಯ ಅಂತ ಅವನ ಕಡೆ ವಾಲುತ್ತಿದ್ದೇನೋ ಅನ್ನುವ ಭಯವೂ ಇದೆ. ಇನ್ನೊಂದು ವಿಷಯ. ಅವನು ಒದ್ದ 16 ಉದ್ದ ಬಾಲುಗಳಲ್ಲಿ 12 ಎದುರಾಳಿಗೇ ಸಿಕ್ಕಿವೆ. ಇದನ್ನು ಅವನ ಲೆಕ್ಕಕ್ಕೆ ಬರೆಯಬೇಕಾ, ತಂಡದ ಲೆಕ್ಕಕ್ಕಾ?


ಕೌಲ್ ಬಜಾರ್ ಸ್ಟಾಪರ್:

ತಮ್ಮಾ, ಆ ಮ್ಯಾಚ್ ನಾನು ನೋಡಿದ್ದೇನೆ. ಬೇವಿನ ಮರದ ಕೆಳಗೆ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದೆ. ಕೌಲ್ ಬಜಾರಿನಲ್ಲಿ ಹುಟ್ಟಿದವನು ನಾನು. ದಂಡು ಇದ್ದ ಕಾಲದಿಂದ ನಮ್ಮ ಕಡೆ ಈ ಆಟ ಇದೆ. ನಮ್ಮಪ್ಪ ಬರಿಗಾಲಲ್ಲಿ ಆಡಿದವರು. ನಾನು 18 ವರ್ಷ ಸ್ಟಾಪರ್ ಆಡಿದೆ. ಈಗ ಜೀನ್ಸ್ ಹೊಲಿಯುವ ಕಡೆ ಕಟಿಂಗ್ ಕೆಲಸ.

ಅವರ ಮೊದಲ ಗೋಲು ಗೋಲಿಯ ತಪ್ಪು ಅಲ್ಲ. ಅದರಲ್ಲಿ ಎರಡು ಮಾತಿಲ್ಲ. ಹೀಗೆ ಕೈ ಎತ್ತಿ ನಿಲ್ಲುವ ತಪ್ಪು ನಾನೂ ಮಾಡಿದ್ದೇನೆ. ನನಗೆ ಆಗ ಹತ್ತೊಂಬತ್ತು ವರ್ಷ. ಗೋಲ್ ಕಿಕ್‌ನಿಂದ (ಎದುರಾಳಿ ತಮ್ಮ ಗೋಲಿನ ಮುಂದೆ ಬಾಲು ಇಟ್ಟು ಒದೆಯುವುದು) ನೇರ ಬಂದ ಬಾಲು, ಅದಕ್ಕೂ ಆಫ್‌ಸೈಡ್ ಇಲ್ಲ, ಕಾರ್ನರಿಗೂ ಇಲ್ಲ. ನಾನು ಕೈ ಎತ್ತಿ ರೆಫರಿ ಮುಖ ನೋಡಿದೆ. ಅವರು ಓಡುತ್ತಲೇ ಇದ್ದರು. ತಿರುಗಿ ನೋಡುವಷ್ಟರಲ್ಲಿ ಬಾಲು ನೆಟ್ಟಿನಲ್ಲಿತ್ತು. ಅವತ್ತು ನಮ್ಮ ಗೋಲಿ ನನಗೆ ಏನೂ ಅನ್ನಲಿಲ್ಲ. ಬಾಲು ತೆಗೆದು ಮಧ್ಯಕ್ಕೆ ಒದ್ದ, ಅಷ್ಟೇ. ಅವನು ಬೈದಿದ್ದರೆ ಮರೆತುಬಿಡುತ್ತಿದ್ದೆ. ನಿಮ್ಮ ಲೆಫ್ಟ್ ಬ್ಯಾಕಿಗೆ ಈ ನಿಯಮ ಯಾರೂ ಹೇಳಿಕೊಟ್ಟಿಲ್ಲ ಅಂತ ಕಾಣುತ್ತದೆ. ಒಂದು ಸಲ ಹೇಳಿ, ಮತ್ತೆ ತಪ್ಪುವುದಿಲ್ಲ. ಸೀಟಿ ಕೇಳುವವರೆಗೂ ಕಾಲು ನಿಲ್ಲಬಾರದು ಅನ್ನುವುದನ್ನೂ ಸೇರಿಸಿ.

ಈಗ ನಿನ್ನ ತೂತು ಬಿದ್ದ ಕಾಗದಕ್ಕೆ ಬರುತ್ತೇನೆ. ಹಾಫ್ ಟೈಮ್ ಆದ ಮೇಲೆ ಅವರು ಏನು ಮಾಡಿದರು ನೋಡಿದೆಯಾ? ಮುಂದಿದ್ದ ಇಬ್ಬರು ಫಾರ್ವರ್ಡ್‌ಗಳಲ್ಲಿ ಕುಳ್ಳಗಿನ ಹುಡುಗನನ್ನು ಹಿಂದಕ್ಕೆ ಎಳೆದುಕೊಂಡರು. ಹಸಿರು ಬೂಟಿನವನು. ಅಲ್ಲಿಗೆ ಮಧ್ಯದಲ್ಲಿ ಅವರು ಮೂವರು, ನೀವು ಇಬ್ಬರು. ನಿಮ್ಮ ಇಬ್ಬರು ಹಾಫ್‌ಗಳು ಯಾರನ್ನು ಹಿಡಿದರೂ ಒಬ್ಬ ಖಾಲಿ ಇರುತ್ತಿದ್ದ. ಬಾಲು ಅವನಿಗೇ ಹೋಗುತ್ತಿತ್ತು. ನಿಮ್ಮವರು ಹತ್ತು ನಿಮಿಷ ಅವನ ಹಿಂದೆ ಓಡಿದರು, ಆಮೇಲೆ ಕಾಲು ಹೋಯಿತು. ಸ್ಟಾಪರ್ ಪೆನಾಲ್ಟಿ ಕೊಟ್ಟಿದ್ದೂ ಇದರಿಂದಲೇ. ಮುಂದೆ ತಡೆಯುವವರು ಇಲ್ಲದೆ ಅವನು ಒಬ್ಬನೇ ಮೂರು ಸಲ ಅಡ್ಡ ಓಡಿದ್ದ. ನಾಲ್ಕನೇ ಸಲ ಕಾಲು ತಡವಾಯಿತು.

ಮುಂದಿನ ಸಲ ಎದುರಾಳಿ ಹೀಗೆ ಮಾಡಿದ ಕೂಡಲೇ ನಿಮ್ಮ ಒಬ್ಬ ಫಾರ್ವರ್ಡ್ ಕೂಡ ಹಿಂದೆ ಬರಬೇಕು. ಅದನ್ನು ಕೂಗಿ ಹೇಳುವವನು ಮೈದಾನದ ಒಳಗೇ ಇರಬೇಕು. ಬೆಂಚಿನಿಂದ ಸರ್ ಕೂಗಿದರೆ ಆ ಗದ್ದಲದಲ್ಲಿ ಕೇಳುವುದಿಲ್ಲ. ನೀನು ಆಡುವಾಗ ನೀನೇ ಕೂಗುತ್ತಿದ್ದೆ. ಹೋದ ವರ್ಷ ನಾನು ನೋಡಿದ್ದೇನೆ.

ಇನ್ನು ಮೊದಲ 20 ನಿಮಿಷ. ಈ ಊರಿನ ಕಾಲೇಜು ಹುಡುಗರು ಅಷ್ಟು ಚೆನ್ನಾಗಿ ನೆಲದ ಮೇಲೆ ಪಾಸ್ ಮಾಡಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಇದನ್ನೂ ನಿನ್ನ ನೋಟ್‌ಬುಕ್‌ನಲ್ಲಿ ಬರೆದುಕೋ.


ಹೊಸಪೇಟೆ ಒಂದನೇ ನಂಬರ್:

ನಾನೂ ಗೋಲ್‌ಕೀಪರ್. ಹುಡುಗಿಯರ ತಂಡದಲ್ಲಿ ಆಡುತ್ತೇನೆ. ಒಂದೇ ಪ್ರಶ್ನೆ. ಎರಡನೇ ಅರ್ಧದಲ್ಲಿ ಅವನು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದನಾ? ಮೂರೂವರೆಗೆ ಶುರುವಾದ ಮ್ಯಾಚಿನ 63ನೇ ನಿಮಿಷ ಅಂದರೆ, ಹಾಫ್ ಟೈಮ್ ಸೇರಿ ಹೆಚ್ಚುಕಡಿಮೆ ನಾಲ್ಕೂಮುಕ್ಕಾಲು. ಆ ಹೊತ್ತಿಗೆ ಸೂರ್ಯ ಇಳಿದು ನೇರ ಕಣ್ಣಿಗೆ ಹೊಡೆಯುತ್ತಾನೆ. ದೂರದಿಂದ ಎತ್ತರದಲ್ಲಿ ಬಂದ ಬಾಲು ಅರ್ಧ ದಾರಿಯಲ್ಲಿ ಮಾಯವಾಗುತ್ತದೆ. ನನಗೆ ಎರಡು ಸಲ ಹೀಗಾಗಿದೆ. ನೋಡುವವರಿಗೆ ಬಾಲು ಕೈಯಿಂದ ಜಾರಿದಂತೆ ಕಾಣುತ್ತದೆ. ನಿಜವಾಗಿ ನಾವು ಅದನ್ನು ಕಂಡೇ ಇರುವುದಿಲ್ಲ.

ಟಾಸ್ ಗೆದ್ದರೆ ಯಾವ ಗೋಲು ಬೇಕು ಅಂತ ನಿಮ್ಮ ಕ್ಯಾಪ್ಟನ್ ಗೋಲಿಯನ್ನು ಕೇಳುತ್ತಾನಾ? ನಮ್ಮಲ್ಲಿ ಈಗ ಕೇಳುತ್ತಾರೆ. ಕ್ಯಾಪ್ ಹಾಕಲು ನಿಯಮದಲ್ಲಿ ಅವಕಾಶ ಇದೆ, ಅದನ್ನೂ ಅವನಿಗೆ ಹೇಳಿ.

ಮತ್ತೆ, ಅವನಿಗೆ ಫೋನ್ ಮಾಡಿ. ಮೆಸೇಜು ಬೇಡ. ಫೋನ್.


ಕೊಪ್ಪಳದ ಪಿಟಿ ಮಾಸ್ತರ್:

ಕಾಲೇಜು ವಿದ್ಯಾರ್ಥಿಯೊಬ್ಬ ಇಷ್ಟು ಶ್ರದ್ಧೆಯಿಂದ ಮ್ಯಾಚ್ ಬರೆದಿಟ್ಟಿದ್ದು ನೋಡಿ ತುಂಬ ಖುಷಿಯಾಯಿತು. ನಿಮ್ಮ ಮೊದಲ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

2022ರ ನವೆಂಬರ್ 22 ನೆನಪಿದೆಯಾ? ಕತಾರ್ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ತನ್ನ ಮೊದಲ ಮ್ಯಾಚ್ ಸೌದಿ ಅರೇಬಿಯಾ ಎದುರು ಆಡಿತು. 10ನೇ ನಿಮಿಷಕ್ಕೆ ಮೆಸ್ಸಿ ಪೆನಾಲ್ಟಿ ಗೋಲು. ಹಾಫ್ ಟೈಮಿಗೆ 1–0. ಎರಡನೇ ಅರ್ಧ ಶುರುವಾಗಿ 48 ಮತ್ತು 53ನೇ ನಿಮಿಷದಲ್ಲಿ ಎರಡು ಗೋಲು ಬಿಟ್ಟು 1–2ರಿಂದ ಸೋತಿತು. ನಿಮ್ಮ ಮ್ಯಾಚಿನದೇ ಆಕಾರ, ಅಲ್ವಾ? ಮುಂದಿನ ಮೆಕ್ಸಿಕೊ ಮ್ಯಾಚಿಗೆ ಕೋಚ್ ಸ್ಕಲೋನಿ ಐದು ಆಟಗಾರರನ್ನು ಬದಲಿಸಿದರು. ಬ್ಯಾಕ್‌ನಲ್ಲಿ ಬದಲಾವಣೆ, ಮಧ್ಯದಲ್ಲಿ ಬದಲಾವಣೆ. ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಮಾತ್ರ ಅಲ್ಲೇ ಇದ್ದರು. ಡಿಸೆಂಬರ್ 18ರ ಫೈನಲ್‌ನಲ್ಲಿ ಫ್ರಾನ್ಸ್ ಎದುರು ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಎಡಗಾಲು ಚಾಚಿ ಬಾಲು ತಡೆದವರು ಅವರೇ. 2010ರಲ್ಲಿ ಸ್ಪೇನ್ ಕೂಡ ಮೊದಲ ಮ್ಯಾಚ್ ಸ್ವಿಟ್ಜರ್ಲೆಂಡಿಗೆ 0–1ರಿಂದ ಸೋತು ಕಪ್ ಗೆದ್ದಿತು. ನೀವು ಹಾಗೇ ಗೆಲ್ಲುತ್ತೀರಿ ಅಂತ ಇದನ್ನು ಹೇಳುತ್ತಿಲ್ಲ. ಅರ್ಜೆಂಟೀನಾ ಕೋಚ್ ಸೋಲಿನ ಬೇರು ಎಲ್ಲಿ ಹುಡುಕಿದರು ಅಂತ ನೋಡಿ. ನಿಮ್ಮ 13 ಚುಕ್ಕಿ ಅಂಥದೇ ಜಾಗ ತೋರಿಸುತ್ತಿವೆ. ನೀವು ಗೆಳೆಯನ ಕಡೆ ವಾಲಿದ್ದರೆ ಮೂರನೇ ಗೋಲಿನ ಮಾತು ಬರೆಯುತ್ತಲೇ ಇರಲಿಲ್ಲ.

16ರಲ್ಲಿ 12 ಉದ್ದ ಬಾಲು ಎದುರಾಳಿಗೆ ಹೋಗಿದ್ದು ತಂಡದ ಲೆಕ್ಕ. ಗಟ್ಟಿ ನೆಲದಲ್ಲಿ ಎತ್ತರದ ಬಾಲು ಬಿದ್ದು ಪುಟಿದರೆ ಅದು ಯಾರ ಮಾತೂ ಕೇಳುವುದಿಲ್ಲ. 2019ರಿಂದ ನಿಯಮ ಬದಲಾಗಿದೆ. ಗೋಲ್ ಕಿಕ್ ಒದ್ದ ಬಾಲು ಪೆನಾಲ್ಟಿ ಏರಿಯಾ (ಗೋಲಿನ ಮುಂದಿನ ದೊಡ್ಡ ಚೌಕ) ದಾಟಿ ಹೊರಗೆ ಹೋಗಲೇಬೇಕು ಅಂತಿಲ್ಲ. ನಿಮ್ಮ ಸ್ಟಾಪರ್ ಏರಿಯಾ ಒಳಗೇ ನಿಂತು ಬಾಲು ತೆಗೆದುಕೊಳ್ಳಬಹುದು. ಬಾಲು ಒದೆಯುವವರೆಗೆ ಎದುರಾಳಿ ಹೊರಗೇ ಇರಬೇಕು. ಅಂದರೆ ನಿಮಗೆ 16.5 ಮೀಟರ್ ಉಸಿರಾಡುವ ಜಾಗ ಸಿಕ್ಕಿದಂತೆ. ನಮ್ಮ ಹೈಸ್ಕೂಲ್ ಹುಡುಗರೇ ಹೀಗೆ ಆಡುತ್ತಾರೆ. ಮೊದಲ ವಾರ ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ರೂಢಿಯಾಗುತ್ತದೆ.

ಮಧ್ಯದ ತೊಂದರೆಗೆ ದಿನಾ ಅರ್ಧ ಗಂಟೆ ಸಾಕು. ಒಂದು ಸಣ್ಣ ಚೌಕ ಹಾಕಿ. ಹೊರಗೆ ಐವರು, ಒಳಗೆ ಇಬ್ಬರು. ಹೊರಗಿನವರು ಎರಡೇ ಟಚ್‌ನಲ್ಲಿ ಪಾಸ್ ಕೊಡಬೇಕು, ಒಳಗಿನ ಇಬ್ಬರು ಕಸಿಯಬೇಕು. ಇಬ್ಬರೂ ಒಂದೇ ಬಾಲಿನ ಮೇಲೆ ಬೀಳಬಾರದು ಅನ್ನುವುದು ಅವರ ಕಾಲಿಗೆ ತಾನಾಗಿ ಬರುತ್ತದೆ. ಒಬ್ಬ ಮೇಲೆ ಹೋದರೆ ಇನ್ನೊಬ್ಬ ಹಿಂದಿನ ದಾರಿ ಮುಚ್ಚುತ್ತಾನೆ.

ಬಿಸಿಲಿನ ವಿಷಯ ಸಣ್ಣದು ಅಂತ ಬಿಡಬೇಡಿ. ನಿಯಮ ಪುಸ್ತಕದ 7ನೇ ನಿಯಮದಲ್ಲೇ ನೀರಿನ ವಿರಾಮ ಇದೆ, ಒಂದು ನಿಮಿಷ ಮೀರಬಾರದು. ದೇಹ ತಣಿಸುವ ವಿರಾಮ ಅಂತ ಇನ್ನೊಂದಿದೆ. ಅದು 90 ಸೆಕೆಂಡಿನಿಂದ ಮೂರು ನಿಮಿಷದವರೆಗೆ. ಇವೆರಡೂ ಬೇಕಾದರೆ ಆ ಪಂದ್ಯಾವಳಿಯ ನಿಯಮದಲ್ಲಿ ಅವಕಾಶ ಇರಬೇಕು. ಹಾಗಾಗಿ ಮ್ಯಾಚಿನ ದಿನ ಕೇಳಿದರೆ ಆಗುವುದಿಲ್ಲ. ನಿಮ್ಮ ಪಿಡಿ ಸರ್ ಈಗಲೇ ಸಂಘಟಕರಿಗೆ ಒಂದು ಕಾಗದ ಕೊಡಲಿ. ಹಾಫ್ ಟೈಮಿನಲ್ಲಿ ಹುಡುಗರಿಗೆ ಏನು ಕುಡಿಯಲು ಕೊಟ್ಟಿರಿ ಅಂತ ನೀವು ಬರೆದಿಲ್ಲ. ಏನು ಕೊಟ್ಟಿರಿ?


ಬೆಂಚಿನ ಎಂಟನೇ ನಂಬರ್, ಬಳ್ಳಾರಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ.

ಮಾಸ್ತರ್‌ಗೆ ಮೊದಲು ಉತ್ತರ. ಬರೀ ನೀರು ಕೊಟ್ಟೆವು, ಅದೂ ಬಿಸಿಲಲ್ಲಿ ಇಟ್ಟಿದ್ದ ಕ್ಯಾನಿನದು, ಬಿಸಿಯಾಗಿತ್ತು. ಇಬ್ಬರು ಬಾಯಿ ಮುಕ್ಕಳಿಸಿ ಉಗುಳಿದರು, ಕುಡಿಯಲಿಲ್ಲ. ಅದರಲ್ಲಿ ಒಬ್ಬ ಪೆನಾಲ್ಟಿ ಕೊಟ್ಟ ಸ್ಟಾಪರ್. ನಿಮ್ಮ ಪ್ರಶ್ನೆ ಓದಿದ ಮೇಲೇ ನನಗೆ ಇದು ಹೊಳೆದಿದ್ದು. ಮುಂದಿನ ಮ್ಯಾಚಿಗೆ ನಮ್ಮ ಮನೆಯಿಂದ ಒಂದು ಕೊಡ ಮಜ್ಜಿಗೆ, ಉಪ್ಪು ಹಾಕಿದ್ದು. ಇನ್ನೊಬ್ಬರ ಮನೆಯಿಂದ ನಿಂಬೆ ಪಾನಕ. ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತುತ್ತೇವೆ. ಸರ್ ಕಾಗದ ಬರೆದು ಕೊಟ್ಟಿದ್ದಾರೆ.

ಕೌಲ್ ಬಜಾರ್ ಅಣ್ಣ, ಹಸಿರು ಬೂಟಿನವನು ನನ್ನ ನೋಟ್‌ಬುಕ್‌ನಲ್ಲಿ ಇಲ್ಲವೇ ಇಲ್ಲ. ನಾನು ನಮ್ಮವರ ಕಾಲಷ್ಟೇ ನೋಡುತ್ತಿದ್ದೆ. ಇನ್ನು ಮೇಲೆ ಹತ್ತು ನಿಮಿಷಕ್ಕೊಮ್ಮೆ ಎದುರಾಳಿ ಹೇಗೆ ನಿಂತಿದ್ದಾರೆ ಅಂತ ಚಿತ್ರ ಬರೆಯುತ್ತೇನೆ. ಅದಕ್ಕೆ ಬೇರೆ ಬಣ್ಣದ ಪೆನ್ನು ತಂದಿದ್ದೇನೆ. ಕೂಗುವ ಕೆಲಸ ರೈಟ್ ಹಾಫ್ ಒಪ್ಪಿಕೊಂಡಿದ್ದಾನೆ. ಅವನು ಮಾತು ಕಡಿಮೆ ಆಡುವ ಹುಡುಗ. ಪ್ರ್ಯಾಕ್ಟೀಸಿನಲ್ಲಿ "ಮೂರು ಜನ, ಮೂರು ಜನ" ಅಂತ ಕೂಗಿ ಕೂಗಿ ಧ್ವನಿ ಬಿದ್ದುಹೋಗಿದೆ.

ಲೆಫ್ಟ್ ಬ್ಯಾಕಿಗೆ ಥ್ರೋ ನಿಯಮ ಹೇಳಿದೆ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಗ್ರೂಪಿನಲ್ಲಿ ತಾನೇ ಬರೆದ, "ಮೊದಲ ಗೋಲು ನನ್ನಿಂದ ಆಯಿತು" ಅಂತ. ಅದಾದ ಮೇಲೆ ಗ್ರೂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ರಾತ್ರಿ ಸ್ಟಾಪರ್ ಕೂಡ ಪೆನಾಲ್ಟಿ ಬಗ್ಗೆ ಒಂದು ಸಾಲು ಬರೆದ.

ಐವರು ಹೊರಗೆ ಇಬ್ಬರು ಒಳಗೆ ಶುರು ಮಾಡಿದ್ದೇವೆ. ಗೋಲ್ ಕಿಕ್ ಹತ್ತಿರಕ್ಕೆ ಆಡುವುದನ್ನೂ ಮಾಡಿದೆವು. ಮೊದಲ ದಿನ ಏರಿಯಾ ಒಳಗೇ ಮೂರು ಸಲ ಬಾಲು ಕಳೆದುಕೊಂಡೆವು, ನೋಡುವುದೇ ಕಷ್ಟವಾಯಿತು. ನಿನ್ನೆ ಒಂದೇ ಸಲ. ನನಗೆ ಇನ್ನೂ ಧೈರ್ಯ ಸಾಲದು. ಮ್ಯಾಚಿನಲ್ಲಿ ಎಷ್ಟು ಆಡಬೇಕು ಅಂತ ಸರ್ ಇನ್ನೂ ಹೇಳಿಲ್ಲ.


ಹೊಸಪೇಟೆ ಒಂದನೇ ನಂಬರ್:

ಗೋಲಿ? ಫೋನ್ ಮಾಡಿದಿರಾ?


ಬೆಂಚಿನ ಎಂಟನೇ ನಂಬರ್, ಬಳ್ಳಾರಿ:

ಮಾಡಿದೆ. ಮೂರು ಸಲ ಎತ್ತಲಿಲ್ಲ. ನಾಲ್ಕನೇ ಸಲ ಅವರ ತಾಯಿ ಎತ್ತಿ, ಗದ್ದೆಗೆ ಹೋಗಿದ್ದಾನೆ ಅಂದರು. ಸಂಜೆ ಅವನೇ ಮಾಡಿದ. ನಾನು ಚುಕ್ಕಿಗಳ ಬಗ್ಗೆ ಹೇಳಿದೆ, ಕೇಳಿಸಿಕೊಂಡ. ಸೂರ್ಯನ ವಿಷಯ ಕೇಳಿದೆ. ಹೌದು, ಪಶ್ಚಿಮಕ್ಕೇ ಮುಖ ಇತ್ತು. ಆದರೆ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಸೂರ್ಯ ಇದ್ದ ನಿಜ. ಆದರೆ ಅದಕ್ಕೂ ಮುಂಚೆ ನಾನು ಎಡಕ್ಕೆ ಒಂದು ಹೆಜ್ಜೆ ಇಟ್ಟಿದ್ದೆ. ಅಲ್ಲಿಗೆ ಬರುತ್ತದೆ ಅಂದುಕೊಂಡಿದ್ದೆ. ಅದು ನನ್ನ ತಪ್ಪು."

ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ. ನಾನು ಹೋಗುವಷ್ಟರಲ್ಲಿ ನೆಟ್ ಕಟ್ಟಿ ಆಗಿತ್ತು. ಕಾಲು ನೋವು ಇದ್ದರೂ ನಾನು ನಿಂತಲ್ಲಿಂದಲೇ 25 ಮೀಟರ್‌ನಿಂದ ಬಾಲು ಎತ್ತಿ ಎತ್ತಿ ಒದ್ದೆ, ಎಡಗಾಲಿನಲ್ಲಿ. ಆ ಹೊತ್ತಿಗೆ ಕಣ್ಣಿಗೆ ಬಿಸಿಲು ಬೀಳುವ ಕಡೆ, ಪೂರ್ವಕ್ಕೆ ಮುಖ ಮಾಡಿ ನಿಂತಿದ್ದ. ಕ್ಯಾಪ್ ಹಾಕಿದ್ದ, ಅಣ್ಣನದು, ಸ್ವಲ್ಪ ದೊಡ್ಡದು. 40 ಬಾಲಿನಲ್ಲಿ ಆರು ಬಿಟ್ಟ. ಆರನ್ನೂ ಎಲ್ಲಿ ನಿಂತಾಗ ಬಿಟ್ಟ ಅಂತ ಚುಕ್ಕಿ ಇಟ್ಟಿದ್ದೇನೆ. ನೋಟ್‌ಬುಕ್ ಅವನೇ ಇಸಿದುಕೊಂಡು ಬಸ್ಸಿನಲ್ಲಿ ನೋಡುತ್ತೇನೆ ಅಂತ ತೆಗೆದುಕೊಂಡು ಹೋಗಿದ್ದಾನೆ.